ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತುಕೊಳ್ಳಿ, ಹೊತ್ತು ಹಿಡಿಯುವ ಕೆಲಸ. ನೀವು ಬಂದದ್ದು ಲಗ್ನಪತ್ರಿಕೆಯ ಪ್ರೂಫ್ ನೋಡಲಿಕ್ಕೆ. ಆದರೆ ಗದಗಿನ ಈ ಸಣ್ಣ ಡಿಟಿಪಿ ಅಂಗಡಿಯಲ್ಲಿ ಇವತ್ತು ಎಲ್ಲರ ಕಣ್ಣೂ ಮೇಜಿನ ಮೇಲಿನ ಹಳೆಯ ಕಂಪ್ಯೂಟರಿನ ಮೇಲಿದೆ. ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ, ಹಳದಿಗಟ್ಟಿದ ಡಬ್ಬಿ. ಒಳಗಿನ ಕೋಣೆಯಿಂದ ಮುದ್ರಣದ ಶಾಯಿಯ ವಾಸನೆ ಬರುತ್ತಿದೆ.

ಅಂಗಡಿಯ ಯಜಮಾನರು ಮತ್ತೊಮ್ಮೆ ಗುಂಡಿ ಒತ್ತುತ್ತಾರೆ. ಮುಂದಿನ ಹಸಿರು ದೀಪ ಹತ್ತುತ್ತದೆ, ಫ್ಯಾನ್ ಗುಂಯ್ ಎನ್ನುತ್ತದೆ. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಮಲಗಿಬಿಡುತ್ತದೆ.

“ಹಾರ್ಡ್ ಡಿಸ್ಕ್ ಹೋತೇನೋ ತಮ್ಮಾ?”

“ಕಾಕಾ, ಅಲ್ಲೀಮಟ ಅದು ಇನ್ನೂ ಹೋಗೇ ಇಲ್ರಿ,” ಎನ್ನುತ್ತಾನೆ ರಿಪೇರಿಯ ಹುಡುಗ. ಈ ಮಾತನ್ನು ಗಮನಿಸಿ. ಕಂಪ್ಯೂಟರ್ ಏಳದಿದ್ದರೆ ನಾವೆಲ್ಲ ಮೊದಲು ದೂರುವುದು ಹಾರ್ಡ್ ಡಿಸ್ಕನ್ನೇ. ಡಿಸ್ಕ್ ಕೆಟ್ಟಿದ್ದರೆ ಪರದೆಯ ಮೇಲೆ ಬಿಳಿ ಅಕ್ಷರಗಳಾದರೂ ಮೂಡಿ, ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತಿದ್ದವು. ಇಲ್ಲಿ ಒಂದು ಅಕ್ಷರವೂ ಇಲ್ಲ. ರೋಗ ಅದಕ್ಕಿಂತ ಹಿಂದೆಯೇ ಇದೆ.

ಹೊಸದು ತರಬಾರದೇ ಎಂದು ನೀವು ಕೇಳಬಹುದು. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಯ ಕೈ ಬಿಟ್ಟಿತು. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಆದರೆ ಈ ಡಬ್ಬಿಯೊಳಗಿರುವ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿಗಳೆಲ್ಲ ಆ ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಕೂತಿವೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದಾರೆ. ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಇಂಥ ಯಂತ್ರವನ್ನು ಗುಜರಿಗೆ ಹಾಕಲು ಧೈರ್ಯ ಬೇಕು.

ಹುಡುಗ ವೈರು ಕಿತ್ತು, ಕರೆಂಟಿಲ್ಲದ ಯಂತ್ರದ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿಯುತ್ತಾನೆ. ಒಳಗೆ ಉಳಿದ ವಿದ್ಯುತ್ತು ಇಳಿಯಲಿ ಎಂದು. ಆಮೇಲೆ ಪಕ್ಕದ ಮುಚ್ಚಳ ತೆಗೆಯುತ್ತಾನೆ. ಹುಷಾರು, ಮೂಗು ಮುಚ್ಚಿಕೊಳ್ಳಿ. ಬ್ಲೋವರ್ ಹಿಡಿದ ಕೂಡಲೇ ಕಾಗದದ ಬೂದು ಧೂಳು ಅಂಗಡಿಯ ತುಂಬ ಹಾರುತ್ತದೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಅದು ಕಂಬಳಿಯಂತೆ ಹೆಪ್ಪುಗಟ್ಟಿತ್ತು.

ಈಗ ಅವನು ಕಳೆಯುತ್ತ ಹೋಗುತ್ತಾನೆ. ಸೀಡಿ ಡ್ರೈವ್, ಹಾರ್ಡ್ ಡಿಸ್ಕ್, ಎಂದೋ ಕೆಲಸ ನಿಲ್ಲಿಸಿದ ಮೋಡೆಮ್ ಕಾರ್ಡ್ ಎಲ್ಲದರ ಕೇಬಲ್ ಹೊರಗೆ. ಉಳಿದದ್ದು ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್, ಕರೆಂಟು ಉಣಿಸುವ ಎಸ್‌ಎಂಪಿಎಸ್. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಎರಡೂ ಬದಿಯ ಕ್ಲಿಪ್ ‘ಟಕ್’ ಎನ್ನುವವರೆಗೆ ಒತ್ತುತ್ತಾನೆ. ಪ್ರೊಸೆಸರಿಗೆ ಪ್ರತ್ಯೇಕವಾಗಿ 12 ವೋಲ್ಟ್ ಕೊಡುವ ನಾಲ್ಕು ತಂತಿಯ ಚೌಕ ಪ್ಲಗ್ಗನ್ನೂ ಕಿತ್ತು ಕೂರಿಸುತ್ತಾನೆ. ಅದೊಂದು ಸಡಿಲವಾದರೂ ಇದೇ ಲಕ್ಷಣ ಬರುತ್ತದೆ. ಗುಂಡಿ ಒತ್ತಿದರೆ ಮತ್ತೆ ಗುಂಯ್, ಮತ್ತೆ ಕಪ್ಪು.

ಮುಂದಿನ ಪರೀಕ್ಷೆ ನನಗೆ ಬಹಳ ಇಷ್ಟ. ರ‍್ಯಾಮ್ ಪೂರ್ತಿ ತೆಗೆದು ಚಾಲೂ ಮಾಡುವುದು. ಬೋರ್ಡಿಗೆ ಜೀವ ಇದ್ದರೆ ರ‍್ಯಾಮ್ ಇಲ್ಲವೆಂದು ಬೀಪ್ ಬೀಪ್ ಎಂದು ಕಿರುಚಬೇಕು. ಅದಕ್ಕೂ ಮುಂಚೆ ಹುಡುಗ ಬೋರ್ಡಿನ ಪುಟ್ಟ ಸ್ಪೀಕರಿನ ವೈರು ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾನೆ. ಸ್ಪೀಕರ್ರೇ ಇಲ್ಲದಿದ್ದರೆ ಮೌನಕ್ಕೆ ಏನು ಅರ್ಥ? ವೈರು ಕೂತಿದೆ. ಗುಂಡಿ ಒತ್ತುತ್ತಾನೆ. ಎಲ್ಲರೂ ಕಿವಿ ಕೊಡುತ್ತಾರೆ.

ಬೀಪ್ ಇಲ್ಲ. ಅಂದರೆ ಪ್ರೊಸೆಸರ್ ಮೊದಲ ಆಜ್ಞೆಯನ್ನೇ ನಡೆಸುತ್ತಿಲ್ಲ. ಉಳಿದ ಶಂಕಿತರು ಕೆಲವೇ: ಎಸ್‌ಎಂಪಿಎಸ್, ಬೋರ್ಡು, ಅದರ ಬಯೋಸ್ ಚಿಪ್, ಸ್ವತಃ ಪ್ರೊಸೆಸರ್. ಮಲ್ಟಿಮೀಟರಿನ ಕಪ್ಪು ಮೊನೆ ಕಪ್ಪು ತಂತಿಗೆ, ಕೆಂಪು ಮೊನೆ ಒಂದೊಂದು ಬಣ್ಣಕ್ಕೆ. ಹಳದಿಯಲ್ಲಿ 12.1, ಕೆಂಪಿನಲ್ಲಿ 5.05, ಕಿತ್ತಳೆಯಲ್ಲಿ 3.3. ನೂರಕ್ಕೆ ಐದು ಆಚೀಚೆ ಇದ್ದರೂ ನಡೆಯುತ್ತದೆ, ಇವು ಅಷ್ಟೂ ಅಲುಗಿಲ್ಲ. ಆದರೂ ಅವನು ಚೀಲದಿಂದ ತನ್ನ ಎಸ್‌ಎಂಪಿಎಸ್ ತೆಗೆದು ಜೋಡಿಸುತ್ತಾನೆ. ಅಂಕಿ ಸರಿ ಬಂದರೂ ವೋಲ್ಟೇಜು ಒಳಗೊಳಗೇ ಅದುರುತ್ತಿರಬಹುದು, ಮೀಟರಿಗೆ ಅದು ಕಾಣದು. ಬದಲಿಸಿದರೂ ಫಲಿತಾಂಶ ಅದೇ.

“ಕಾಕಾ, ಇದು ಒಮ್ಮಿಂದೊಮ್ಮೆ ಬಂದ್ ಆತೇನ್ರಿ?”

“ಇಲ್ಲೋ. ಒಂದ್ ತಿಂಗಳಾತು, ಮುಂಜಾನಿ ಎರಡ ಮೂರ ಸಲ ಒತ್ತಬೇಕಾಗತಿತ್ತು. ಒಮ್ಮೆ ಚಾಲೂ ಆತಂದ್ರ ಸಂಜೀ ಮಟ ತಕರಾರಿಲ್ಲ.”

ಹುಡುಗ ನಗುತ್ತಾನೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಇದು. ತಣ್ಣಗಿದ್ದಾಗ ಸತಾಯಿಸಿ, ಬಿಸಿಯಾದ ಮೇಲೆ ಸರಿಹೋಗುವುದು ದಣಿದ ಕೆಪಾಸಿಟರಿನ ಗುಣ. ಅದರೊಳಗಿನ ದ್ರವ ಒಣಗುತ್ತ ಬಂದಂತೆ ಒಳಪ್ರತಿರೋಧ ಏರುತ್ತದೆ, ಕಾವು ತಾಕಿದಾಗ ತುಸು ಇಳಿಯುತ್ತದೆ.

ಮೊಬೈಲಿನ ಟಾರ್ಚು ಹಿಡಿಯುವ ಕೆಲಸ ನಿಮ್ಮದು. ಪ್ರೊಸೆಸರ್ ಪಕ್ಕ ಸಾಲಾಗಿ ನಿಂತ ಸಿಲಿಂಡರುಗಳನ್ನು ನೋಡಿ. ತಲೆ ಮಟ್ಟಸವಾಗಿರಬೇಕಿತ್ತು. ಮೂರರ ತಲೆ ಉಬ್ಬಿದೆ, ಒಂದರ ಮೇಲಿನ ಗೀರು ಬಿರಿದು ಕಂದು ಬಣ್ಣದ ಹಕ್ಕಳೆ ಕಟ್ಟಿದೆ. ಇವುಗಳ ಕೆಲಸ ಸಣ್ಣದಲ್ಲ. ಆ ಕಾಲದ ಪೆಂಟಿಯಂ 4 ಸುಮಾರು 60 ವ್ಯಾಟ್ ಉಣ್ಣುತ್ತದೆ, ಅದೂ 1.5 ವೋಲ್ಟಿನ ಆಸುಪಾಸಿನಲ್ಲಿ. ಲೆಕ್ಕ ಹಾಕಿದರೆ 40 ಆಂಪಿಯರ್. ಅಷ್ಟು ಪ್ರವಾಹವನ್ನು ಏರಿಳಿತವಿಲ್ಲದೆ ಉಣಿಸುವುದು ಈ ಸಿಲಿಂಡರುಗಳ ಪಾಲಿನದು.

2000ದ ನಂತರದ ಕೆಲವು ವರ್ಷಗಳಲ್ಲಿ ಲೋಕದ ಎಷ್ಟೋ ಬೋರ್ಡುಗಳು ಹೀಗೆಯೇ ಸತ್ತವು. ತೈವಾನಿನ ಕೆಲವು ಕಾರ್ಖಾನೆಗಳ ಕೆಪಾಸಿಟರುಗಳಲ್ಲಿ ದ್ರವದ ಪಾಕ ಕೆಟ್ಟು, ಒಳಗೆ ಅನಿಲ ಹುಟ್ಟಿ ತಲೆ ಉಬ್ಬುತ್ತಿತ್ತು. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಯಂತ್ರಗಳ ಇಂಥ ರಿಪೇರಿಗೆಂದು 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಇಲ್ಲಿ ಬೇಕಾದದ್ದು ಒಂದೊಂದಕ್ಕೆ ಹತ್ತಿಪ್ಪತ್ತು ರೂಪಾಯಿಯ ಸಾಮಾನು.

ಹುಡುಗನ ಡಬ್ಬಿಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹೊಸ ಕೆಪಾಸಿಟರುಗಳಿವೆ. 6.3 ವೋಲ್ಟ್, 3300 ಮೈಕ್ರೋಫ್ಯಾರಡ್, 105 ಡಿಗ್ರಿ, ಹಳೆಯದರ ಮೇಲೆ ಬರೆದ ಅಂಕಿಗಳೇ. ಸತ್ತ ಬೋರ್ಡಿನಿಂದ ಕಿತ್ತದ್ದನ್ನು ಅವನು ಹಾಕುವುದಿಲ್ಲ, ಅದೂ ಇದೇ ವಯಸ್ಸಿನದು. ಕೀಳುವ ಮುಂಚೆ ಫೋಟೋ ತೆಗೆದುಕೊಳ್ಳುತ್ತಾನೆ. ಪಟ್ಟೆ ಇರುವ ಬದಿ ಋಣ, ತಿರುವುಮುರುವಾದರೆ ಸಿಡಿಯುತ್ತದೆ. ಬೋರ್ಡಿನ ಒಳಪದರದ ತಾಮ್ರ ಕಾವನ್ನೆಲ್ಲ ಹೀರಿಕೊಳ್ಳುವುದರಿಂದ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು, 60ರದ್ದು ಬೇಕು. ಹಳೆಯ ಸೋಲ್ಡರಿನ ಮೇಲೆ ಒಂದು ಹನಿ ಹೊಸದನ್ನು ಕರಗಿಸುತ್ತಾನೆ, ಆಗ ಹಳೆಯದೂ ಸಡಿಲವಾಗುತ್ತದೆ. ಹೊಗೆ ನಿಮ್ಮ ಕಡೆಗೇ ಬರುತ್ತದೆ, ಸ್ಟೂಲು ಸರಿಸಿ. ಸಾಲಿನಲ್ಲಿ ಉಬ್ಬದೆ ಉಳಿದವನ್ನೂ ಬದಲಿಸುತ್ತಾನೆ. ಸರಿಯಾದ ನಿರ್ಧಾರ ಎನ್ನುತ್ತೇನೆ.

ಗುಂಡಿ. ಗುಂಯ್. ಬೀಪ್!

ಒಂದೇ ಒಂದು, ಚಿಕ್ಕದು. ಕಾಕಾ ಎದ್ದೇ ನಿಲ್ಲುತ್ತಾರೆ. ಪರದೆಯ ಮೇಲೆ ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ದೂರು, ಎಫ್1 ಒತ್ತಿ ಎಂಬ ಸೂಚನೆ. ಇದು ಬೇರೆ ಕಾಯಿಲೆ, ಸುಲಭದ್ದು. ತಾರೀಖು, ಸೆಟ್ಟಿಂಗುಗಳ ನೆನಪು ಉಳಿಸುವ ಬೋರ್ಡಿನ ನಾಣ್ಯದಂಥ ಬ್ಯಾಟರಿ 3 ವೋಲ್ಟಿನದು, ಮೀಟರಿನಲ್ಲಿ 2 ಚಿಲ್ಲರೆ ತೋರಿಸುತ್ತದೆ. ಹೊಸ ಸಿಆರ್2032 ಹಾಕಿ ತಾರೀಖು ತಿದ್ದುತ್ತಾನೆ.

ಪೇಜ್‌ಮೇಕರ್ ತೆಗೆಯಲು ಕಾಕಾ ಮೌಸಿಗೆ ಕೈ ಚಾಚಿದರೆ ಹುಡುಗ ತಡೆಯುತ್ತಾನೆ. “ಮೊದ್ಲ ಎಲ್ಲಾ ಕಾಪಿ ಮಾಡ್ಕೊಳ್ಳೂಣು ತಡೀರಿ. ಫಾಂಟ್ ಸೈತ.” ಯಂತ್ರ ನಿಲ್ಲಿಸಿ, ಅಗಲ ಪಟ್ಟಿಯ ಐಡಿಇ ಡಿಸ್ಕನ್ನು ಯುಎಸ್‌ಬಿ ಕನ್ವರ್ಟರಿನಿಂದ ತನ್ನ ಲ್ಯಾಪ್‌ಟಾಪಿಗೆ ಜೋಡಿಸುತ್ತಾನೆ. ಇವತ್ತಿನ ಬೋರ್ಡುಗಳಲ್ಲಿ ಆ ಪಟ್ಟಿ ಚುಚ್ಚಲು ಜಾಗವೇ ಇರುವುದಿಲ್ಲ. ನಿಮ್ಮ ಪ್ರೂಫ್ ಸಂಜೆಗೆ. ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಮುಂಜಾನೆ ಮುಂಜಾನೆ ಸತಾಯಿಸುವ ಹಳೆಯ ಡಬ್ಬಿ ಇದ್ದರೆ, ಅದು ಇನ್ನೂ ಏಳುತ್ತಿರುವಾಗಲೇ ಫೈಲುಗಳನ್ನೂ ಫಾಂಟುಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.