ಕರಿ ಕೋಟು ಹಾಕದ ವಕೀಲಕಿ

ಕಳೆದ ದೀಪಾವಳಿಗೆ ನರೋಣಾಕ್ಕೆ ಹೋದಾಗ ಕಾಕಾ ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ನನ್ನ ಮುಂದಿಟ್ಟ. ನಲವತ್ತಕ್ಕೂ ಹೆಚ್ಚು ಪುಟಗಳ ಕರಾರು ಪತ್ರ, ಪೂರ್ತಿ ಇಂಗ್ಲಿಷಿನಲ್ಲಿ. ಸೋಲಾರ್ ಕಂಪನಿಯೊಂದು ಅವನ ಆರು ಎಕರೆ ಹೊಲವನ್ನು 28 ವರ್ಷಕ್ಕೆ ಲೀಸಿಗೆ ಕೇಳಿತ್ತು.

"ಓದಿ ಹೇಳವಾ, ನೀ ವಕೀಲಕಿ ಇದ್ದಿ ಅಲ್ಲ," ಎಂದ. ಸ್ವಲ್ಪ ತಡೆದು, "ಮುಂದ ಏನಾರ ತಕರಾರು ಬಂದ್ರ ಆಳಂದ ಕೋರ್ಟಿನಾಗ ನೀನೇ ನಿಂದರ್ತಿ, ಹೌದಿಲ್ಲೋ?"

ನಿಲ್ಲಲಾರೆ ಎಂದು ಮನೆಯಲ್ಲಿ ಹೇಳಲು ನನಗೆ ಅಷ್ಟು ವರ್ಷವೂ ಧೈರ್ಯ ಬಂದಿರಲಿಲ್ಲ.

ನಮ್ಮೂರಿನ ಲೆಕ್ಕದಲ್ಲಿ ವಕೀಲರೆಂದರೆ ಕರಿ ಕೋಟು, ಕೋರ್ಟಿನ ಆವರಣದ ಚಹಾ, ಮುಂದಿನ ತಾರೀಖು. ನಾನು ಸನ್ನದು ಪಡೆದದ್ದು 2020ರ ಕೊನೆಗೆ. ಕೋರ್ಟುಗಳೇ ಮೊಬೈಲಿನ ಪರದೆಯ ಮೇಲೆ ನಡೆಯುತ್ತಿದ್ದ ಕಾಲ. ಮೂವರು ಸೀನಿಯರ್‌ಗಳನ್ನು ಕೇಳಿದೆ, ಮೂವರೂ ಮುಂದಿನ ವರ್ಷ ನೋಡೋಣ ಎಂದರು. ಅಷ್ಟರಲ್ಲಿ ಬೆಂಗಳೂರಿನ ಒಂದು ಕಂಪನಿಯ ಕಾನೂನು ವಿಭಾಗದಲ್ಲಿ ಕೆಲಸ ಸಿಕ್ಕಿತು. ತಿಂಗಳ ಒಂದನೇ ತಾರೀಖಿಗೆ ಸಂಬಳ ಬರುವುದು ಮನೆಗೆ ಬೇಕಾಗಿತ್ತು. ಹೋದೆ.

ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ ವಕೀಲಿಕೆ ಮಾಡುವವರು ಯಾರದೇ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ನೌಕರಿಗೆ ಸೇರಿದರೆ ರಾಜ್ಯ ಪರಿಷತ್ತಿಗೆ ತಿಳಿಸಿ ವಕೀಲಿಕೆ ನಿಲ್ಲಿಸಬೇಕು. ನಿಲ್ಲಿಸಿದೆ. ಆ ಅರ್ಜಿಗೆ ಸಹಿ ಹಾಕಿದ ದಿನ ಅಪ್ಪನಿಗೆ ಫೋನ್ ಮಾಡಿ "ಪ್ರಮೋಷನ್ ಆಯ್ತು" ಎಂದಿದ್ದೆ. ಅದು ಸುಳ್ಳೇ.

ಕೋರ್ಟು ನೋಡದೆ ಈ ಕೆಲಸ ಕಲಿಯಬಹುದೇ ಎಂದು ಕಾನೂನು ವಿದ್ಯಾರ್ಥಿಗಳು ಈಗ ನನ್ನನ್ನು ಕೇಳುತ್ತಾರೆ. ಕಲಿಯಬಹುದು. ಮೊದಲ ವರ್ಷ ನಾನು ಮಾಡಿದ್ದು ಕರಾರುಗಳನ್ನು ಓದುವುದು, ತಿದ್ದುವುದು, ಕಳಿಸುವುದು, ಅಷ್ಟೇ. ಬಾಡಿಗೆ, ಪೂರೈಕೆ, ಗೌಪ್ಯತೆಯ ಒಪ್ಪಂದಗಳು. ವ್ಯಾಪಾರದವರಿಗೆ ನಿನ್ನೆಯೇ ಬೇಕು, ಹಣಕಾಸಿನವರಿಗೆ ಬೇಡವೇ ಬೇಡ, ನಡುವೆ ನಾವು. ಆದರೆ ಎಡವಿದ್ದು ಹೊರಗಿನ ವಕೀಲರಿಗೆ ಪ್ರಕರಣ ವಿವರಿಸಲು ಹೋದಾಗ. ಹದಿನೆಂಟು ಪುಟದ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಆ ಹಿರಿಯರು ಅದನ್ನು ಮಗುಚಿಟ್ಟು, "ಜಡ್ಜ್ ಮೊದಲು ಕೇಳೋ ಪ್ರಶ್ನೆ ಯಾವುದಮ್ಮ?" ಎಂದರು. ನನಗೆ ಗೊತ್ತಿರಲಿಲ್ಲ. ಮೂಲ ಕಾಗದ ಎಲ್ಲಿದೆ, ಸಹಿ ಮಾಡಿದವನಿಗೆ ಅಧಿಕಾರ ಇತ್ತೇ ಎಂಬುದು ಮೊದಲ ಪ್ರಶ್ನೆಯಾಗಿತ್ತು. ನಾನು ಅದನ್ನು ಬಿಟ್ಟು ಬೇರೆಲ್ಲ ಬರೆದಿದ್ದೆ.

ಅಲ್ಲಿಂದ ತೀರ್ಪುಗಳನ್ನು ಬೇರೆ ರೀತಿ ಓದತೊಡಗಿದೆ. ಪ್ರತಿ ತೀರ್ಪೂ ಕೆಟ್ಟುಹೋದ ಒಂದು ಕರಾರಿನ ಪೋಸ್ಟ್‌ಮಾರ್ಟಂ ವರದಿ ಎಂದುಕೊಂಡೆ. ಯಾವ ವಾಕ್ಯ ಕೊಳೆತಿತ್ತು ಎಂದು ಹುಡುಕುವುದು. ರಜೆಗೆ ಬಂದಾಗ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. (2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಅದು. ಅದಕ್ಕೂ ಮುಂಚೆ ನಮ್ಮ ಕಡೆಯವರು ಒಂದೊಂದು ತಾರೀಖಿಗೂ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರಿಗೆ ಹೋಗಬೇಕಿತ್ತು.)

ಈ ದಾರಿಗೆ ಬೆಲೆಯೂ ಇದೆ. 2025ರ ಮೇ 20ರಂದು ಸುಪ್ರೀಂ ಕೋರ್ಟು, ಸಿವಿಲ್ ಜಡ್ಜ್ ಆಗಬೇಕಾದರೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ಷರತ್ತನ್ನು ಮತ್ತೆ ತಂದಿತು. ಅದೇ ವರ್ಷದ ಅಕ್ಟೋಬರ್ 31ರಂದು, ಕಕ್ಷಿದಾರರ ಗುಟ್ಟು ಕಾಪಾಡಲು ವಕೀಲರಿಗಿರುವ ಸೆಕ್ಷನ್ 132ರ ರಕ್ಷಣೆ ಕಂಪನಿಯ ಸಂಬಳದ ಕಾನೂನು ಸಲಹೆಗಾರರಿಗೆ ಸಿಗದು ಎಂದಿತು. ನಾಲ್ಕು ವರ್ಷ ದುಡಿದು ಕೆಲಸ ಬಿಟ್ಟು, ಕಂಪನಿಗಳ ಒಳಗಿನ ಇಂಥ ವಕೀಲರ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ. ಹಾಗಾಗಿ ಇವೆಲ್ಲ ನನಗೆ ಪ್ರಬಂಧದ ಅಡಿಟಿಪ್ಪಣಿಗಳು. ಕಾಕಾನ ಮುಂದೆ ಕುಳಿತಾಗ ಹಾಗನ್ನಿಸಲಿಲ್ಲ.

ಕರಾರು ಓದುತ್ತ ಹೋದೆ. ಬಾಡಿಗೆ ಪರವಾಗಿರಲಿಲ್ಲ, ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಎಕರೆಗೆ ವರ್ಷಕ್ಕೆ 21 ಸಾವಿರದಂತೆ 28 ವರ್ಷಕ್ಕೇ ಭೂಮಿ ಕೊಟ್ಟಿದ್ದು ಊರಿನವರಿಗೂ ಗೊತ್ತಿತ್ತು. ಮೂವತ್ತೊಂದನೇ ಪುಟಕ್ಕೆ ಬಂದಾಗ ಕೈ ನಿಂತಿತು. ತಕರಾರು ಬಂದರೆ ಕೋರ್ಟಲ್ಲ, ಆರ್ಬಿಟ್ರೇಷನ್. ತೀರ್ಪು ಕೊಡುವ ಒಬ್ಬನೇ ಪಂಚನನ್ನು ಕಂಪನಿಯ ಎಂ.ಡಿ. ನೇಮಿಸುತ್ತಾರೆ. ಆರ್ಬಿಟ್ರೇಷನ್ನಿನ ಸೀಟ್ ಬೆಂಗಳೂರು.

ಈ ವಾಕ್ಯ ನನಗೆ ಬಾಯಿಪಾಠ. ಬೇರೆ ಕಂಪನಿಗೆ, ಬೇರೆ ಜನರಿಗೆ, ನಾನೇ ಎಷ್ಟೋ ಸಲ ಹಾಕಿದ್ದೆ. ಆಗ ಅದು ಟೆಂಪ್ಲೇಟಿನ ಒಂದು ಸಾಲು. ಸೀಟ್ ಎಂದು ಬರೆದ ಊರಿನ ಕೋರ್ಟುಗಳಿಗೆ ಮಾತ್ರ ಅಧಿಕಾರ ಎಂದು 2017ರ ಇಂಡಸ್ ಮೊಬೈಲ್ ತೀರ್ಪು ಹೇಳುತ್ತದೆ. ಅಂದರೆ ಆಳಂದದ ಕೋರ್ಟು ಕಾಕಾನ ಪಾಲಿಗೆ ಸಹಿಯ ದಿನವೇ ಮುಚ್ಚುತ್ತದೆ.

"ಕಾಕಾ, ನಾ ನಿಂದರಾಕ ಬರಂಗಿಲ್ಲ," ಎಂದೆ. ಸನ್ನದಿನ ಕತೆಯನ್ನೂ ಹೇಳಿದೆ, ಪ್ರಮೋಷನ್ ಸುಳ್ಳನ್ನೂ. "ನಾ ನಿಂತ್ರೂ ಉಪಯೋಗಿಲ್ಲ. ಇದರಾಗ ಆಳಂದ ಕೋರ್ಟೇ ಇಲ್ಲ."

ಕಾಕಾ ಬಹಳ ಹೊತ್ತು ಸುಮ್ಮನಿದ್ದ. "ಹಂಗಾದ್ರ ಇಷ್ಟ ದಿನ ಏನ್ ಮಾಡಲತ್ತಿದ್ದಿ ಬೆಂಗಳೂರಾಗ?"

"ಇದನ್ನೇ ಬರೀಲತ್ತಿದ್ದೆ."

ಅಪ್ಪ ಎದ್ದು ಹೊರಗೆ ಹೋದ.

ಮರುದಿನ ಕಂಪನಿಯ ಕಾನೂನು ಅಧಿಕಾರಿಗೆ ಫೋನ್ ಮಾಡಿದೆ. ನನ್ನದೇ ವಯಸ್ಸಿನ ಹುಡುಗ, ಮಾತಿನ ಧಾಟಿ ಧಾರವಾಡದ ಕಡೆಯದು, ಅವನೂ ಕೋರ್ಟು ನೋಡಿದವನಲ್ಲ. ಪ್ರಕರಣದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಪಂಚನನ್ನು ನೇಮಿಸುವಂತಿಲ್ಲ ಎಂಬ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪನ್ನು ನೆನಪಿಸಿದೆ. "ಹೌದು ಮೇಡಂ, ಹಳೇ ಟೆಂಪ್ಲೇಟು," ಎಂದು ತಕ್ಷಣ ಒಪ್ಪಿದ. ಸೀಟ್ ಕಲಬುರಗಿಗೆ ಬದಲಿಸಿ ಎಂದೆ. ಅಲ್ಲಿ ತಡೆದ. ವಿಚಾರಣೆ ಬೇಕಾದರೆ ಕಲಬುರಗಿಯಲ್ಲಿ ನಡೆಸೋಣ, ಆದರೆ ಸೀಟ್ ಮಾತ್ರ ಬೆಂಗಳೂರೇ ಇರಲಿ ಎಂದ. ಜಾಣ ಉತ್ತರ. ಅವನ ಕುರ್ಚಿಯಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆಗಲ್ಲ ಎಂದೆ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದ.

ರಾಜ್ಯ ಪರಿಷತ್ತಿನಿಂದ ಸನ್ನದು ಮರಳಿ ಪಡೆಯುವುದರ ಬಗ್ಗೆ ಅಪ್ಪ ಈಗ ಎರಡು ವಾರಕ್ಕೊಮ್ಮೆ ಕೇಳುತ್ತಾನೆ. ಕಾಕಾ ಕೇಳುವುದಿಲ್ಲ. ಆದರೆ ಹೋದ ವಾರ ಪಕ್ಕದ ಹೊಲದವರ ಕರಾರಿನ ಮೂವತ್ತೊಂದನೇ ಪುಟವನ್ನಷ್ಟೇ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದ. ತನ್ನದಕ್ಕೆ ಇನ್ನೂ ಸಹಿ ಹಾಕಿಲ್ಲ.