ಮೂರು ಮನೆ, ಎರಡು ಸ್ವಿಚ್

ನಮ್ಮೂರ ಕಡೆ ಅಂಗಡಿಗೆ ಹೋಗಿ "ಸ್ವಿಚ್ ಕೊಡ್ರಿ" ಅಂದರೆ "ಲೈಟಿಂದಾ, ಫ್ಯಾನಿಂದಾ?" ಅಂತ ಕೇಳ್ತಾರೆ. "ನೆಟ್‌ವರ್ಕ್ ಸ್ವಿಚ್" ಅಂದರೆ ವೈಫೈ ರೂಟರ್ ತೆಗೆದು ಮುಂದಿಡ್ತಾರೆ. ಹೋದ ಬೇಸಿಗೆ ರಜೆಯಲ್ಲಿ ಈ ಪುಟ್ಟ ಡಬ್ಬಿಯ ಹಿಂದೆ ನಾವು ಮೂವರೂ ಬಿದ್ದಿದ್ದೆವು. ನಾವು ಒಂದೇ ಹಾಸ್ಟೆಲ್ ರೂಮಿನವರು. ಒಬ್ಬನ ಮನೆ ಬಳ್ಳಾರಿ ನಗರ, ಒಬ್ಬನದು ಸಿರುಗುಪ್ಪ, ಇನ್ನೊಬ್ಬನದು ಕುರುಗೋಡು. ನೆಟ್‌ವರ್ಕ್ಸ್ ಪೇಪರ್ ನಮಗೆ ಇನ್ನೂ ಬಂದಿಲ್ಲ. ಮನೆಯವರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. "ಇಂಜಿನಿಯರಿಂಗ್ ಓದ್ತೀಯಲ್ಲ, ಟಿವಿಯಾಗ ವಿಡಿಯೊ ನಿಂತು ನಿಂತು ಬರ್ತೈತಿ, ನೋಡು" ಅಂದರು. ಅಲ್ಲಿಗೆ ನಾವು ನೇಮಕ ಆದ ಹಾಗೆ.

ಸಿರುಗುಪ್ಪದ ಮನೆಯಲ್ಲಿ ವಿಷಯ ಟಿವಿಗಿಂತ ದೊಡ್ಡದಿತ್ತು. ತಂಗಿ ಸೆಕೆಂಡ್ ಪಿಯು. ಸಂಜೆ ಹೊತ್ತು ಲೈವ್ ಕ್ಲಾಸ್. ವಿಡಿಯೊ ನಿಂತು ಮತ್ತೆ ಬರೋಷ್ಟರಲ್ಲಿ ಸರ್ ಅರ್ಧ ಬೋರ್ಡ್ ಮುಂದೆ ಹೋಗಿರ್ತಿದ್ದರು. ಅವಳು ಡೌಟ್ ಕೇಳೋದನ್ನೇ ಬಿಟ್ಟಿದ್ದಳು. "ಹಿಂಗ ಆದ್ರ ಬಳ್ಳಾರ್ಯಾಗ ಹಾಸ್ಟೆಲ್ ನೋಡಬೇಕಾಗ್ತೈತಿ" ಅಂತ ಅಪ್ಪ ಹೇಳಿಯಾಗಿತ್ತು. ಅವಳಿಗೆ ಮನೆ ಬಿಡೋ ಮನಸ್ಸಿರಲಿಲ್ಲ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ಸ್ವಿಚ್ ಹಾಕಿದರೆ ಇಂಟರ್ನೆಟ್ ಸ್ಪೀಡ್ ಜಾಸ್ತಿ ಆಗಲ್ಲ. ಅದರ ಕೆಲಸ ಒಂದೇ: ಯಾವ ಪೋರ್ಟಿನ ಹಿಂದೆ ಯಾವ ಮ್ಯಾಕ್ ವಿಳಾಸ ಇದೆ ಅಂತ ನೆನಪಿಟ್ಟುಕೊಂಡು, ಆ ಫ್ರೇಮನ್ನು ಆ ಪೋರ್ಟಿಗೆ ಮಾತ್ರ ಕಳಿಸೋದು. ಒಂದು ಕೇಬಲ್ಲಿನ ತುದಿಯಲ್ಲಿ ಮೂರು ನಾಲ್ಕು ಸಾಧನ ಜೋಡಿಸಬೇಕು ಅಂದಾಗ ಅದು ಬೇಕಾಗುತ್ತೆ. ಹಾಗಾಗಿ ದುಡ್ಡು ಖರ್ಚು ಮಾಡೋ ಮೊದಲು ಮೂರೂ ಮನೆಯಲ್ಲಿ ಒಂದೇ ಪರೀಕ್ಷೆ ಮಾಡಿದೆವು. ಲ್ಯಾಪ್‌ಟಾಪನ್ನು ನೇರ ರೂಟರಿಗೆ ವೈರಿನಿಂದ ಸಿಕ್ಕಿಸಿ ಅದೇ ವಿಡಿಯೊ ಹಾಕಿದೆವು. ಅಲ್ಲೂ ನಿಂತರೆ ತೊಂದರೆ ಹೊರಗಿನ ಲೈನಿನದು, ಯಾವ ಸ್ವಿಚ್ಚೂ ಕೆಲಸಕ್ಕೆ ಬರಲ್ಲ. ಅಲ್ಲಿ ಸರಾಗ ಓಡಿ ಟಿವಿ ಹತ್ತಿರ ನಿಂತರೆ, ತೊಂದರೆ ಮನೆಯೊಳಗೇ ಇದೆ. ನಮ್ಮ ಮೂರೂ ಮನೆಯಲ್ಲಿ ತೊಂದರೆ ಒಳಗೇ ಇತ್ತು.

ಕುರುಗೋಡಿನ ಮನೆ ಹಳೇ ಮಾಳಿಗೆ ಮನೆ. ಗುಡ್ಡದ ಕಲ್ಲಿನ ಗೋಡೆ, ಒಂದೊಂದೂ ಮೊಳಕ್ಕಿಂತ ದಪ್ಪ. ರೂಟರ್ ಪಡಸಾಲೆಯಲ್ಲಿ, ಅಜ್ಜನ ಟಿವಿ ಒಳಗಿನ ಕೋಣೆಯಲ್ಲಿ. ಅಜ್ಜ ಯೂಟ್ಯೂಬಲ್ಲಿ ಬಯಲಾಟ ನೋಡ್ತಾರೆ. ಭೀಮ ಗದೆ ಎತ್ತಿದವನು ಎತ್ತಿದಂಗೇ ನಿಂತುಬಿಡ್ತಿದ್ದ. ಎರಡು ಕಲ್ಲಿನ ಗೋಡೆ ದಾಟೋಷ್ಟರಲ್ಲಿ ವೈಫೈ ಸುಸ್ತಾಗಿತ್ತು. ಇಲ್ಲಿ ವೈರ್ ಬೇಕಾಗಿದ್ದದ್ದು ಒಂದೇ ಟಿವಿಗೆ, ರೂಟರಿನ ಬೆನ್ನಲ್ಲಿ ಮೂರು ಲ್ಯಾನ್ ಪೋರ್ಟ್ ಖಾಲಿ. ಸ್ವಿಚ್ ಕೊಳ್ಳಲೇ ಇಲ್ಲ. ಇಪ್ಪತ್ತು ಮೀಟರ್ ಕ್ಯಾಟ್ 6 ಕೇಬಲ್ ತಂದು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದೆವು, ಭೀಮನ ಗದೆ ಕೆಳಗಿಳಿಯಿತು.

ಬಳ್ಳಾರಿಯ ಮನೆಯದು ಬಿಸಿಲಿನ ಕಥೆ. ಮೇಲಿನ ರೂಮಿನಲ್ಲಿ ಟಿವಿ, ಗೇಮ್ ಕನ್ಸೋಲ್, ಅಣ್ಣನ ಆಫೀಸ್ ಲ್ಯಾಪ್‌ಟಾಪ್. ಕೆಳಗಿಂದ ಬರೋದು ಒಂದೇ ಕೇಬಲ್. ಇಲ್ಲಿ ಸ್ವಿಚ್ ಬೇಕೇ ಬೇಕು. ನಾವು ಪೋರ್ಟ್ ಎಷ್ಟು, ಸ್ಪೀಡ್ ಎಷ್ಟು ಅಂತ ನೋಡ್ತಾ ಇದ್ದಾಗ ಡಬ್ಬಿಯ ಹಿಂದಿನ ಸಣ್ಣಕ್ಷರ ಕಣ್ಣಿಗೆ ಬಿತ್ತು: ಕೆಲಸ ಮಾಡುವ ತಾಪಮಾನ 0ರಿಂದ 40 ಡಿಗ್ರಿ. ಮನೆಬಳಕೆಯ ಎಷ್ಟೋ ಸ್ವಿಚ್‌ಗಳ ಮೇಲೆ ಇದೇ ಬರೆದಿರುತ್ತೆ. ಏಪ್ರಿಲ್-ಮೇನಲ್ಲಿ ಬಳ್ಳಾರಿ ನೆರಳಲ್ಲೇ 40 ದಾಟುತ್ತೆ. ಇನ್ನು ಮಾಡಿಯ ರೂಮು, ಅದರಲ್ಲೂ ಟಿವಿ ಹಿಂದಿನ ಮುಚ್ಚಿದ ಕಪಾಟು! ಈ ಸ್ವಿಚ್‌ಗಳಲ್ಲಿ ಫ್ಯಾನ್ ಇರಲ್ಲ, ಬಿಸಿ ಹೊರಗೆ ಹೋಗೋದು ಮೈಯಿಂದಲೇ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ. ಹಾಗಾಗಿ 50 ಡಿಗ್ರಿ ಅಂತ ಬರೆದಿರೋ, ಲೋಹದ ಮೈಯ ಐದು ಪೋರ್ಟಿನ ಸ್ವಿಚ್ ಹುಡುಕಿ ತಂದೆವು. ಕಪಾಟಿನೊಳಗೆ ಇಡದೆ ಗೋಡೆಗೆ ನೇತುಹಾಕಿದೆವು.

100 ಎಂಬಿಪಿಎಸ್ ಸಾಕಾ, ಗಿಗಾಬಿಟ್ ಬೇಕಾ ಅಂತ ರೂಮಿನಲ್ಲಿ ದೊಡ್ಡ ಜಗಳವೇ ಆಯಿತು. ಲೆಕ್ಕ ಹಾಕಿ ನೋಡಿ. 4ಕೆ ವಿಡಿಯೊಗೆ ನೆಟ್‌ಫ್ಲಿಕ್ಸ್ ಕೇಳೋದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ನಾಲ್ಕು 4ಕೆ ಒಟ್ಟಿಗೆ ಓಡಿದರೂ 60. ಬರೀ ವಿಡಿಯೊಗೆ 100 ಧಾರಾಳ ಸಾಕು. ಆದರೆ ರೂಟರಿನಿಂದ ಸ್ವಿಚ್‌ಗೆ ಬರೋ ಆ ಒಂದು ವೈರನ್ನು ಎಲ್ಲರೂ ಹಂಚಿಕೊಳ್ಳಬೇಕು. ಕನ್ಸೋಲ್ ದೊಡ್ಡ ಅಪ್‌ಡೇಟ್ ಇಳಿಸೋಕೆ ಶುರು ಮಾಡಿದರೆ ಆ 100 ಅಲ್ಲೇ ತುಂಬಿಹೋಗುತ್ತೆ. ಬೆಲೆಯಲ್ಲಿ ವ್ಯತ್ಯಾಸ ಕೆಲವು ನೂರು ರೂಪಾಯಿ, ಅದಕ್ಕೇ ಗಿಗಾಬಿಟ್ ಗೆದ್ದಿತು. ಒಂದು ಎಚ್ಚರಿಕೆ: ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಒಂದು ಜೋಡಿ ಕಡಿದಿದ್ದರೂ ಹೊಸ ಸ್ವಿಚ್ ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಲ್ಯಾಪ್‌ಟಾಪಿನಲ್ಲಿ ಲಿಂಕ್ ಸ್ಪೀಡ್ ನೋಡಿದರೆ ಗೊತ್ತಾಗುತ್ತೆ.

'ಮ್ಯಾನೇಜ್ಡ್' ಸ್ವಿಚ್, ಐಜಿಎಂಪಿ ಸ್ನೂಪಿಂಗ್ ಅಂತೆಲ್ಲ ಮಾರೋಕೆ ನೋಡ್ತಾರೆ. ಒಂದೇ ಚಾನೆಲನ್ನು ಮಲ್ಟಿಕಾಸ್ಟ್ ಆಗಿ ಕಳಿಸೋ ಐಪಿಟಿವಿಗೆ ಅದು ಉಪಯೋಗ. ಯೂಟ್ಯೂಬು, ನೆಟ್‌ಫ್ಲಿಕ್ಸು ನಿಮ್ಮ ಟಿವಿಗೆ ಬೇರೆಯಾಗೇ ಕಳಿಸ್ತವೆ, ಅಲ್ಲಿ ಅದಕ್ಕೆ ಕೆಲಸ ಇಲ್ಲ. ಪಿಒಇ ಬೇಕಾಗೋದು ಕ್ಯಾಮೆರಾ ಅಥವಾ ಆಕ್ಸೆಸ್ ಪಾಯಿಂಟಿಗೆ ಕೇಬಲ್ಲಿನಲ್ಲೇ ಕರೆಂಟ್ ಕಳಿಸಬೇಕು ಅಂದಾಗ.

ಸಿರುಗುಪ್ಪದಲ್ಲೂ ಅದೇ ಮಾದರಿ ಸ್ವಿಚ್ ಮೇಲಿನ ಮನೆಗೆ ಹಾಕಿದೆವು. ಮೂರು ದಿನ ಕ್ಲಾಸು ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಸಂಜೆ ಕರೆಂಟ್ ಹೋಯಿತು, ಕ್ಲಾಸೂ ಹೋಯಿತು. ಕೆಳಗಿನ ರೂಟರಿಗೆ ಇನ್ವರ್ಟರ್ ಇತ್ತು, ಮೇಲಿನ ಆ ಪ್ಲಗ್ಗಿಗೆ ಇರಲಿಲ್ಲ. ಫೈಬರ್ ಡಬ್ಬಿ, ರೂಟರ್, ಸ್ವಿಚ್ ಮೂರೂ ಒಂದೇ ಸರಪಳಿ. ಒಂದು ಕೊಂಡಿ ಆರಿದರೂ ಮುಗೀತು. ಸ್ವಿಚ್ ತಿನ್ನೋದು ಕೆಲವೇ ವ್ಯಾಟ್, ಒಂದು ಮಿನಿ ಯುಪಿಎಸ್ ಸಾಕು. ಅಡಾಪ್ಟರ್ 5 ವೋಲ್ಟೋ, 9ಓ, 12ಓ ಅಂತ ಓದಿಕೊಂಡು, ಹೊಂದೋ ಯುಪಿಎಸ್ಸನ್ನೇ ತಂದೆವು.

ಆಮೇಲೆ ಒಂದು ಬೆಳಿಗ್ಗೆ ಇಡೀ ಮನೆಯ ನೆಟ್ ಸತ್ತುಹೋಯಿತು. ಸ್ವಿಚ್ಚಿನ ಲೈಟುಗಳು ಹುಚ್ಚು ಹಿಡಿದ ಹಾಗೆ ಮಿನುಗ್ತಾ ಇದ್ದವು. ನೋಡಿದರೆ, ಜೋತಾಡ್ತಿದ್ದ ಕೇಬಲ್ಲಿನ ಇನ್ನೊಂದು ತುದಿಯನ್ನು ಚಿಕ್ಕಪ್ಪ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿದ್ದರು. "ಹಂಗ ಬಿಟ್ರ ಚೆಂದ ಕಾಣಂಗಿಲ್ಲಪಾ" ಅಂದರು. ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಅಂತ ಆಯಸ್ಸು ಇರುತ್ತೆ. ಎಥರ್ನೆಟ್ ಫ್ರೇಮಿಗೆ ಇಲ್ಲ. ಲೂಪ್ ಆದರೆ ಬ್ರಾಡ್‌ಕಾಸ್ಟ್ ಫ್ರೇಮು ಸುತ್ತುತ್ತಲೇ ಇರುತ್ತೆ, ಹೊಸ ಹೊಸ ಫ್ರೇಮು ಸೇರುತ್ತಾ ಅವುಗಳ ಸಂಖ್ಯೆ ಬೆಳೆಯುತ್ತೆ. ತುದಿ ಕಿತ್ತೆವು, ಖಾಲಿ ಪೋರ್ಟುಗಳಿಗೆ ಟೇಪ್ ಅಂಟಿಸಿದೆವು.

ತಂಗಿ ಸಿರುಗುಪ್ಪದಲ್ಲೇ ಇದ್ದಾಳೆ. ಹಾಸ್ಟೆಲ್ ಮಾತು ಸದ್ಯಕ್ಕೆ ನಿಂತಿದೆ. ಹೋದ ವಾರ ಫೋನ್ ಮಾಡಿದಾಗ "ಈಗ ಕ್ಲಾಸ್ ಐತಿ, ಡೌಟ್ ಕೇಳಾಕತ್ತೀನಿ, ಆಮ್ಯಾಲ ಮಾಡು" ಅಂತ ಕಟ್ ಮಾಡಿದಳು. ಮುಂದಿನ ರಜೆಗೆ ನಿಮ್ಮನ್ನೂ ಮನೆಯಲ್ಲಿ ಇಂಜಿನಿಯರ್ ಅಂತ ನೇಮಕ ಮಾಡಿದರೆ, ಮೊದಲು ರೂಟರಿನ ಬೆನ್ನು ತಿರುಗಿಸಿ ಖಾಲಿ ಪೋರ್ಟ್ ಎಣಿಸಿ. ಅಂಗಡಿಗೆ ಹೋಗೋ ಕೆಲಸವೇ ಇರಲಿಕ್ಕಿಲ್ಲ.