ಬೀಟಿಗೆ ಬಿದ್ದ ಇಂಗ್ಲಿಷು

ಷೇಕ್ಸ್‌ಪಿಯರನನ್ನು ಗೈಡು ಓದಿ ಪಾಸು ಮಾಡಿದ ತಲೆಮಾರು ನನ್ನದು. ಅಯಾಂಬಿಕ್ ಪೆಂಟಾಮೀಟರ್ ಎಂದರೆ ಸಾಲಿಗೆ ಐದು ಗಣ, ಗಣಕ್ಕೊಂದು ಮೆಲುದನಿ, ಒಂದು ಒತ್ತುದನಿ ಎಂದು ಬರೆದು ಅಂಕವನ್ನೂ ಗಿಟ್ಟಿಸಿದ್ದಾಯಿತು. ಅದು ಕಿವಿಗೆ ಬಿದ್ದದ್ದು ಮಾತ್ರ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂಗೆ ಬಂದು, ಕ್ಯಾಲ್‌ಟ್ರೇನಿನಲ್ಲಿ ರ‍್ಯಾಪ್ ಕೇಳುವ ಚಟ ಹತ್ತಿದ ಮೇಲೆ.

ನಮ್ಮದು ಮಾತ್ರೆಯ ಕಿವಿ. ಲಘುವಿಗೆ ಒಂದು, ಗುರುವಿಗೆ ಎರಡು ಎಂದೆಣಿಸುತ್ತ ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆಗೆ ತಲೆದೂಗಿದ್ದು. ಇಂಗ್ಲಿಷಿನ ಛಂದಸ್ಸಿಗೆ ಬೇಕಾದದ್ದು ಒತ್ತು ಎಲ್ಲಿ ಬಿತ್ತೆಂಬ ಲೆಕ್ಕ. ಅಚ್ಚಾದ ಪುಟದಲ್ಲಿ ಆ ಒತ್ತು ಕಾಣುವುದಿಲ್ಲ. ರ‍್ಯಾಪಿನಲ್ಲಾದರೆ ಹಿಂದೆ ಡ್ರಮ್ಮು ನಾಲ್ಕು ಪೆಟ್ಟಿನ ತಾಳ ಹಾಕುತ್ತಿರುತ್ತದೆ. ಒತ್ತು ಬಿದ್ದ ಅಕ್ಷರ ಪೆಟ್ಟಿನ ಮೇಲೆ ಬಂದು ಕೂರುತ್ತದೆ, ಇಲ್ಲವೇ ಬೇಕೆಂದೇ ಚೂರು ತಡವಾಗಿ ಬರುತ್ತದೆ. ಆ ತಡದಲ್ಲೇ ಇದೆ ಮಜಾ.

ಪ್ರಾಸದ ಸುಖವೇ ಬೇರೆ. ನಮ್ಮ ಹಳೆಯ ಕವಿಗಳಿಗೆ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕಡ್ಡಾಯವಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಕಟ್ಟು ಬಿಚ್ಚಿದರು. ಇಂಗ್ಲಿಷರು ಸಾಮಾನ್ಯವಾಗಿ ಸಾಲಿನ ಕೊನೆಗೆ ಪ್ರಾಸ ಕಟ್ಟಿದವರು. ರಾಕಿಮ್ ಎಂಬ ರ‍್ಯಾಪರ್ 1987ರಲ್ಲಿ ಬಂದ ತನ್ನ ಮೊದಲ ಆಲ್ಬಮ್ಮಿನಲ್ಲಿ ಅದನ್ನು ಒಗ್ಗರಣೆಯ ಸಾಸಿವೆಯಂತೆ ಸಾಲಿನುದ್ದಕ್ಕೂ ಸಿಡಿಸಿದ. ಲಂಡನ್ನಿನ ರ‍್ಯಾಪರ್ ಅಕಾಲ 2009ರಲ್ಲಿ ‘ಹಿಪ್ ಹಾಪ್ ಷೇಕ್ಸ್‌ಪಿಯರ್ ಕಂಪನಿ’ಯನ್ನೇ ಕಟ್ಟಿದ. ಯಾವ ಸಾಲು ರ‍್ಯಾಪರನದು, ಯಾವುದು ಷೇಕ್ಸ್‌ಪಿಯರನದು ಎಂದು ಅವನು ಸಭೆಯನ್ನು ಕೇಳಿದರೆ ಓದಿಕೊಂಡವರೂ ತಡವರಿಸುತ್ತಾರೆ.

ನಾನಿರುವ ಸೀಮೆಗೂ ಇದರಲ್ಲಿ ದೊಡ್ಡ ಪಾಲಿದೆ. ಬಾಲ್ಟಿಮೋರಿನ ಕಲಾಶಾಲೆಯಲ್ಲಿ ಷೇಕ್ಸ್‌ಪಿಯರ್ ನಾಟಕಕ್ಕೆ ಬಣ್ಣ ಹಚ್ಚಿದ್ದ ಹುಡುಗ, ಮುಂದೆ ಹೆಸರಾಂತ ರ‍್ಯಾಪರ್ ಆದ ಟುಪಾಕ್, 1988ರಲ್ಲಿ ಬಂದಿಳಿದದ್ದು ಇಲ್ಲಿನ ಮರೀನ್ ಸಿಟಿಗೆ. ಅವನು ತೀರಿಕೊಂಡ ಮರುವರ್ಷವೇ, 1997ರಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅವನ ಕಾವ್ಯದ ಮೇಲೆ ತರಗತಿ ನಡೆಸಿದರು. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ‘ಯೂತ್ ಸ್ಪೀಕ್ಸ್’ ಹದಿಹರೆಯದವರ ಕೈಗೆ ಮೈಕು ಕೊಟ್ಟು, ಬರೆದದ್ದನ್ನು ಬಾಯಿಬಿಟ್ಟು ಹೇಳಿ ಎಂದಿತು. ಹೀಗೆ ಬಾಯಲ್ಲಿ ಹೇಳುವ ಕಾವ್ಯವಾದ ಸ್ಪೋಕನ್ ವರ್ಡಿನಲ್ಲಿ ಡ್ರಮ್ಮಿನ ಆಸರೆಯೂ ಇಲ್ಲ; ಉಸಿರೇ ತಾಳ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಓಡಿಸಬೇಕು ಎಂಬುದನ್ನು ಎದುರು ಕೂತವರ ಮುಖವೇ ಹೇಳಿಕೊಡುತ್ತದೆ.

ಹೀಗೆ ಕೇಳುತ್ತಾ ಹೋದಂತೆ ನಮ್ಮವರೂ ಹತ್ತಿರವಾದರು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು-ಜವಾಬು ಹಾಡುವುದನ್ನು ಬಲ್ಲವರಿಗೆ ರ‍್ಯಾಪ್ ಬ್ಯಾಟಲ್ಲಿನಲ್ಲಿ ಹೊಸದೇನಿದೆ? ವೇಷವಿಲ್ಲದೆ, ಕುಣಿತವಿಲ್ಲದೆ, ಆಶುವಾಗಿ ಮಾತು ಹೂಡುವ ತಾಳಮದ್ದಳೆಯ ಅರ್ಥಧಾರಿಗಳು ಯಾವ ಸ್ಪೋಕನ್ ವರ್ಡ್ ಕವಿಗೆ ಕಡಿಮೆ?

ಊರಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ: ಪದ್ಯದ ಸಾರಾಂಶ ಬರೆಸುವ ಮೊದಲು ಮಕ್ಕಳಿಂದ ಬೆಂಚು ಕುಟ್ಟಿಸಿ, ಸಾಲುಗಳನ್ನು ಗಟ್ಟಿಯಾಗಿ ಹೇಳಿಸಿ. ಪಕ್ಕದ ಕ್ಲಾಸಿನವರು ಗೊಣಗಿದರೆ ಅವರನ್ನೂ ಕರೆದುಕೊಳ್ಳಿ.